ಟೂರಿಂಗ್ ಬೈಕಿನ ಮುಂದಿನ ಚಕ್ರ ಎದ್ದಾಗ

ಮಳೆಗಾಲ ಮುಗಿದು ಘಟ್ಟದ ರಸ್ತೆ ಒಣಗಿತು ಅಂದರೆ ಉತ್ತರ ಕನ್ನಡದಲ್ಲಿ ದೊಡ್ಡ ಬೈಕುಗಳ ಓಡಾಟ ಶುರುವಾಗುತ್ತದೆ. ಹುಬ್ಬಳ್ಳಿ ಕಡೆಯವರು ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬರುತ್ತಾರೆ. ಶಿರಸಿ ಮೇಲೆ ಬಂದವರು ದೇವಿಮನೆ ಘಟ್ಟ ಇಳಿದು ಕುಮಟೆ ಸೇರುತ್ತಾರೆ. ಗೋವಾಕ್ಕೆ ಹೊರಟವರು ಕಾರವಾರ ದಾಟಿ, ಕಾಳಿ ಸೇತುವೆ ದಾಟಿ, ಮಾಜಾಳಿ ಕಡೆ ಹೋಗುತ್ತಾರೆ. ಬೈಕಿಗೆ ಎರಡೂ ಪಕ್ಕ ಪೆಟ್ಟಿಗೆ, ಹಿಂದೆ ಟಾಪ್ ಬಾಕ್ಸ್, ಸೀಟಿನ ಮೇಲೆ ಇಬ್ಬರು. ನಾಲ್ಕು ಪಥದ ಹೆದ್ದಾರಿ ನೇರವಾಗಿ ಸಿಕ್ಕ ಕೂಡಲೇ ಇವರಲ್ಲಿ ಕೆಲವರಿಗೆ ಮುಂದಿನ ಚಕ್ರ ಎತ್ತುವ, ಅಂದರೆ ವೀಲಿಂಗ್ ಮಾಡುವ ಆಸೆ ಹುಟ್ಟುತ್ತದೆ. ಅವರನ್ನು ನೋಡಿದ ನಮ್ಮೂರ ಹುಡುಗರಿಗೂ ಹುಟ್ಟುತ್ತದೆ. ಗ್ಯಾರೇಜಿನ ಮುಂದೆ ಈ ಬಗ್ಗೆ ಮಾತು ಬಂದರೆ ಒಂದು ವಾದ ಕೇಳಿಬರುತ್ತದೆ: "ಭಾರೀ ಗಾಡಿ ಮಾರಾಯ, ಅಷ್ಟು ಸುಲಭಕ್ಕೆ ಏಳೂದಿಲ್ಲ. ಎದ್ದರೂ ಭಾರಕ್ಕೆ ತಾನೇ ಕೆಳಗೆ ಬರ್ತದೆ."

ಈ ವಾದದ ಎರಡೂ ಭಾಗ ತಪ್ಪು. ಎರಡನೆಯದಂತೂ ಜೀವ ತೆಗೆಯುವ ತಪ್ಪು. ಭಾರದ ಬೈಕಿನಲ್ಲಿ ಚಕ್ರ ಎತ್ತುವುದಕ್ಕಿಂತ ಎದ್ದದ್ದನ್ನು ನಿಲ್ಲಿಸಿ ಇಳಿಸುವುದು ತುಂಬಾ ಕಷ್ಟ. ಯಾಕೆ ಅಂತ ಬಿಡಿಸಿ ನೋಡೋಣ.

ಎಕ್ಸಿಲೇಟರ್ ತಿರುಗಿಸಿದಾಗ ಹಿಂದಿನ ಟೈರು ರಸ್ತೆಯನ್ನು ಹಿಂದಕ್ಕೆ ನೂಕುತ್ತದೆ, ರಸ್ತೆ ಬೈಕನ್ನು ಮುಂದಕ್ಕೆ ತಳ್ಳುತ್ತದೆ. ಈ ತಳ್ಳು ಬೀಳುವುದು ನೆಲಮಟ್ಟದಲ್ಲಿ. ಆದರೆ ಬೈಕು ಮತ್ತು ಸವಾರನ ಒಟ್ಟು ಭಾರದ ನಡುಬಿಂದು ಇರುವುದು ಮೇಲೆ, ಹೆಚ್ಚುಕಮ್ಮಿ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಕೆಳಗೆ ತಳ್ಳು, ಮೇಲೆ ಭಾರ. ಹಾಗಾಗಿ ಬೈಕು ಮುಂದೆ ಓಡುವುದರ ಜೊತೆಗೆ ಹಿಂದಕ್ಕೆ ಮಗುಚಲೂ ನೋಡುತ್ತದೆ. ಮುಂದಿನ ಚಕ್ರದ ಮೇಲಿರುವ ಭಾರ ಅದನ್ನು ತಡೆದು ಹಿಡಿದಿರುತ್ತದೆ. ಈ ಎಳೆದಾಟದಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದನ್ನು ಎರಡೇ ಅಳತೆಗಳು ತೀರ್ಮಾನಿಸುತ್ತವೆ. ಭಾರದ ನಡುಬಿಂದು ಹಿಂದಿನ ಚಕ್ರಕ್ಕಿಂತ ಎಷ್ಟು ಮುಂದಿದೆ? ನೆಲದಿಂದ ಎಷ್ಟು ಎತ್ತರದಲ್ಲಿದೆ? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಒಟ್ಟು ತೂಕದ ಎಷ್ಟು ಪಟ್ಟು ತಳ್ಳು ಬಿದ್ದರೆ ಚಕ್ರ ಏಳುತ್ತದೆ ಅಂತ ಸಿಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೈಕು 250 ಕೆಜಿ, ಸವಾರ 75 ಕೆಜಿ, ಒಟ್ಟು 325 ಕೆಜಿ. ಭಾರದ ನಡುಬಿಂದು ಹಿಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ 75 ಸೆಂ.ಮೀ ಮುಂದೆ, 70 ಸೆಂ.ಮೀ ಎತ್ತರದಲ್ಲಿದೆ ಅಂದುಕೊಳ್ಳಿ. 75ನ್ನು 70ರಿಂದ ಭಾಗಿಸಿದರೆ 1.07. ಅಂದರೆ ತೂಕಕ್ಕಿಂತ ತುಸು ಜಾಸ್ತಿಯೇ ತಳ್ಳು ಬೇಕು. ಒಣ ಡಾಂಬರಿನಲ್ಲಿ ಒಳ್ಳೆಯ ಟೈರಿನ ಹಿಡಿತವೂ ಇದರ ಆಸುಪಾಸೇ. ಆದ್ದರಿಂದ ಒಬ್ಬರೇ ಕೂತು ಓಡಿಸುವಾಗ ಇಂಥ ಬೈಕು ಅಂಚಿನಲ್ಲಿರುತ್ತದೆ. ಕೆಲವೊಮ್ಮೆ ಮುಂದಿನ ಚಕ್ರ ಏಳುತ್ತದೆ, ಕೆಲವೊಮ್ಮೆ ಹಿಂದಿನದು ಜಾರುತ್ತದೆ.

ಈಗ ಅದೇ ಬೈಕಿಗೆ ಪ್ರವಾಸದ ಸರಂಜಾಮು ಹಾಕೋಣ. ಹಿಂದೆ ಕೂತವರು 65 ಕೆಜಿ, ಟಾಪ್ ಬಾಕ್ಸ್ 15 ಕೆಜಿ. ಈ 80 ಕೆಜಿ ಪೂರ್ತಿ ಕೂರುವುದು ಹೆಚ್ಚುಕಮ್ಮಿ ಹಿಂದಿನ ಚಕ್ರದ ಮೇಲ್ಭಾಗದಲ್ಲಿ, ಸರಾಸರಿ 10 ಸೆಂ.ಮೀ ಮಾತ್ರ ಮುಂದೆ ಅಂದುಕೊಳ್ಳಿ, ಅದೂ ಒಂದು ಮೀಟರ್ ಎತ್ತರದಲ್ಲಿ. ಲೆಕ್ಕ ಹಾಕಿದರೆ ಭಾರದ ನಡುಬಿಂದು 75ರಿಂದ ಸುಮಾರು 62 ಸೆಂ.ಮೀಗೆ ಹಿಂದೆ ಸರಿಯುತ್ತದೆ, 70ರಿಂದ 76 ಸೆಂ.ಮೀಗೆ ಮೇಲೇರುತ್ತದೆ. ಭಾಗಿಸಿ ನೋಡಿ: 0.82. ಬೈಕಿನ ತೂಕ 325ರಿಂದ 405 ಕೆಜಿಗೆ ಏರಿತು, ಆದರೆ ಚಕ್ರ ಎತ್ತುವ ಗೆರೆ ಕೆಳಗಿಳಿಯಿತು. ತೂಕದ ಲೆಕ್ಕದಲ್ಲಿ ಮಾತ್ರ ಅಲ್ಲ, ನಿಜವಾದ ತಳ್ಳಿನ ಲೆಕ್ಕದಲ್ಲೂ ಮೊದಲಿಗಿಂತ ಕಡಿಮೆಯೇ ಸಾಕಾಗುತ್ತದೆ. ಮೊದಲು ಟೈರು ಜಾರಿ ತಪ್ಪಿಸುತ್ತಿತ್ತು. ಈಗ ಟೈರಿಗೆ ಹಿಡಿತ ಸಾಕಷ್ಟಿದೆ, ಹಾಗಾಗಿ ಚಕ್ರ ಎದ್ದೇ ಏಳುತ್ತದೆ. "ಭಾರ ಹಾಕಿದ್ದೇನೆ, ಏಳಲ್ಲ" ಅನ್ನುವವರು ಗಮನಿಸಬೇಕಾದದ್ದು ಇದನ್ನೇ. ಭಾರ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ.

ಟೂರಿಂಗ್ ಬೈಕುಗಳೆಲ್ಲ ಒಂದೇ ಜಾತಿಯವೂ ಅಲ್ಲ. ಹೋಂಡಾ ಗೋಲ್ಡ್ ವಿಂಗ್ ಟೂರ್ 390 ಕೆಜಿ ಆಸುಪಾಸಿನದು. ಅದರ 1833 ಸಿಸಿ ಎಂಜಿನ್ನಿನ ಆರೂ ಸಿಲಿಂಡರುಗಳು ಎರಡೂ ಪಕ್ಕಕ್ಕೆ ಅಡ್ಡ ಮಲಗಿರುತ್ತವೆ. ಎರಡು ಚಕ್ರಗಳ ನಡುವಿನ ಅಂತರ 1695 ಮಿ.ಮೀ. ಉದ್ದ, ತಗ್ಗು ಮೈಯ ಈ ಬೈಕಿನಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರ ಜಾರುವುದೇ ಮೊದಲು. ಬಿಎಂಡಬ್ಲ್ಯು ಆರ್ 1250 ಜಿಎಸ್ ಥರದ ಅಡ್ವೆಂಚರ್ ಬೈಕುಗಳ ಕತೆ ಬೇರೆ. ತೂಕ 249 ಕೆಜಿ, ಮೈ ಎತ್ತರ, ಸವಾರನೂ ಎತ್ತರದಲ್ಲಿ ಕೂರುತ್ತಾನೆ, ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 143 ನ್ಯೂಟನ್ ಮೀಟರ್. ಮೊದಲ ಗೇರಿನಲ್ಲಿ ಎಕ್ಸಿಲೇಟರ್ ಒಂದರಿಂದಲೇ ಮುಂದಿನ ಚಕ್ರ ಏಳುತ್ತದೆ. ನಮ್ಮ ಹುಡುಗರ ಕೈಯಲ್ಲಿ ಜಾಸ್ತಿ ಕಾಣುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಮೂರನೆಯ ಬಗೆ. 196 ಕೆಜಿ ತೂಕಕ್ಕೆ 40 ನ್ಯೂಟನ್ ಮೀಟರ್ ಟಾರ್ಕ್. ಸುಮ್ನೆ ರೈಸ್ ಮಾಡಿದರೆ ಏಳುವುದು ಕಷ್ಟ. ಅದಕ್ಕೇ ಕ್ಲಚ್ ಹಿಡಿದು, ಎಂಜಿನ್ ಜೋರಾಗಿ ತಿರುಗಿಸಿ, ತಟ್ಟನೆ ಬಿಡುತ್ತಾರೆ. ತಿರುಗುತ್ತಿದ್ದ ಎಂಜಿನ್ನಿನೊಳಗೆ ಕೂಡಿಟ್ಟ ಶಕ್ತಿ ಒಂದೇ ಏಟಿಗೆ ಚಕ್ರಕ್ಕೆ ಹರಿಯುತ್ತದೆ. ಇಲ್ಲಿ ಚಕ್ರ ಎಷ್ಟು ಎತ್ತರಕ್ಕೆ ಏಳಬೇಕು ಅನ್ನುವುದು ಸವಾರನ ಕೈಯಲ್ಲಿ ಇರುವುದೇ ಇಲ್ಲ.

ಎದ್ದ ಮೇಲಿನ ಕತೆ ಇನ್ನೂ ಮುಖ್ಯ. ಚಕ್ರ ಮೇಲೆ ಹೋದಂತೆ ಭಾರದ ನಡುಬಿಂದು ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಒಬ್ಬರೇ ಕೂತ ನಮ್ಮ ಉದಾಹರಣೆಯಲ್ಲಿ ಎಬ್ಬಿಸಲು ತೂಕದ 1.07 ಪಟ್ಟು ತಳ್ಳು ಬೇಕಿತ್ತು. ಬೈಕು 20 ಡಿಗ್ರಿ ಎದ್ದಾಗ ಅಲ್ಲೇ ಹಿಡಿದು ನಿಲ್ಲಿಸಲು 0.51 ಪಟ್ಟು ಸಾಕು. ಎಬ್ಬಿಸಲು ಬೇಕಾದದ್ದರ ಅರ್ಧಕ್ಕಿಂತ ಕಡಿಮೆ! ಅಂದರೆ ಎಬ್ಬಿಸುವಾಗ ತಿರುಗಿಸಿದಷ್ಟೇ ಎಕ್ಸಿಲೇಟರ್ ಹಿಡಿದುಕೊಂಡಿದ್ದರೆ, ಬೈಕು ಮೇಲೆ ಹೋದಂತೆಲ್ಲ ಇನ್ನಷ್ಟು ಜೋರಾಗಿ ಮೇಲೆ ಹೋಗುತ್ತದೆ. ಸುಮಾರು 47 ಡಿಗ್ರಿಗೆ ಭಾರದ ನಡುಬಿಂದು ಹಿಂದಿನ ಚಕ್ರದ ನೆತ್ತಿಗೆ ಬರುತ್ತದೆ. ಅಲ್ಲಿಯವರೆಗೆ ಭಾರ ಬೈಕನ್ನು ಕೆಳಗೆ ಎಳೆಯುತ್ತದೆ. ಅದನ್ನು ದಾಟಿದರೆ ಅದೇ ಭಾರ ಹಿಂದಕ್ಕೆ ಮಗುಚುತ್ತದೆ. ಹಿಂದೆ ಒಬ್ಬರು ಕೂತು ಟಾಪ್ ಬಾಕ್ಸ್ ಇದ್ದರೆ ಆ ಗಡಿ 39 ಡಿಗ್ರಿಗೇ ಬಂದುಬಿಡುತ್ತದೆ. "ಭಾರಕ್ಕೆ ತಾನೇ ಕೆಳಗೆ ಬರ್ತದೆ" ಅನ್ನುವ ಮಾತು ಆ ಗಡಿಯವರೆಗೆ ಮಾತ್ರ ನಿಜ.

ಮನುಷ್ಯನ ಮೈ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ತೊಂದರೆ ಹೆಚ್ಚಿಸುತ್ತದೆ. ಬೈಕು ಮೇಲೆದ್ದಾಗ ಸವಾರ ಹಿಂದಕ್ಕೆ ಜಾರುತ್ತಾನೆ. ಬೀಳಬಾರದು ಅಂತ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾನೆ. ಮೈ ಹಿಂದೆ, ಕೈ ಮುಂದೆ. ಆಗ ಬಲಗೈ ಮಣಿಕಟ್ಟು ತಾನಾಗಿ ಕೆಳಗೆ ಬಾಗಿ ಎಕ್ಸಿಲೇಟರನ್ನು ಇನ್ನಷ್ಟು ತಿರುಗಿಸುತ್ತದೆ. ಕಡಿಮೆ ಮಾಡಬೇಕಾದ ಗಳಿಗೆಯಲ್ಲಿ ಜಾಸ್ತಿ ಮಾಡಿದಂತಾಯಿತು. ಹೆದರಿದ ಕೈ ಇದನ್ನು ಬೇಕಂತ ಮಾಡುವುದಲ್ಲ, ಹಿಡಿತ ಬಿಗಿಯಾದಷ್ಟೂ ಹೀಗೇ ಆಗುತ್ತದೆ.

ತಪ್ಪಿಸಿಕೊಳ್ಳುವ ದಾರಿ ಇರುವುದು ಬಲಗಾಲಿನಲ್ಲಿ. ಹಿಂದಿನ ಬ್ರೇಕ್ ಒತ್ತಿದರೆ ತಳ್ಳು ತಿರುಗುಮುರುಗಾಗುತ್ತದೆ, ಬೈಕಿನ ಮೂತಿ ಕೆಳಗೆ ಬರುತ್ತದೆ. ಅದಕ್ಕೇ ಮುಚ್ಚಿದ ಮೈದಾನದಲ್ಲಿ ಸರಿಯಾಗಿ ಕಲಿಸುವವರು ಚಕ್ರ ಎತ್ತುವುದಕ್ಕಿಂತ ಮೊದಲು ಹಿಂದಿನ ಬ್ರೇಕಿನ ಅಭ್ಯಾಸ ಮಾಡಿಸುತ್ತಾರೆ. ರಸ್ತೆಯಲ್ಲಿ ವೀಲಿಂಗ್ ಮಾಡುವ ಹುಡುಗರ ಕಾಲು ನೋಡಿ. ಎಷ್ಟೋ ಸಲ ಅದು ಬ್ರೇಕಿನ ಮೇಲೆ ಇರುವುದೇ ಇಲ್ಲ, ಪೆಡಲಿನಿಂದ ಹೊರಗೆ ತೇಲುತ್ತಿರುತ್ತದೆ.

ಭಾರ ಈಗ ತನ್ನ ನಿಜವಾದ ಗುಣ ತೋರಿಸುತ್ತದೆ. ಹಳೇ ಆರ್‌ಎಕ್ಸ್ 100 ಥರದ ನೂರು ಕೆಜಿ ಚಿಲ್ಲರೆಯ ಬೈಕು ತಿರುಗಲು ಶುರುವಾದರೆ ನಿಲ್ಲಿಸುವುದೂ ಸುಲಭ, ಕೊನೆಗೆ ಬಿಟ್ಟು ಹಿಂದಕ್ಕೆ ಹಾರಿಕೊಳ್ಳುವುದೂ ಸಾಧ್ಯ. ಟೂರಿಂಗ್ ಬೈಕಿನಲ್ಲಿ ಭಾರ ಉದ್ದಕ್ಕೂ ಹರಡಿರುತ್ತದೆ. ಮುಂದೆ ಗಾಜು, ದೊಡ್ಡ ಟ್ಯಾಂಕು, ಹಿಂದೆ ಪೆಟ್ಟಿಗೆಗಳು. ಹೀಗೆ ಹರಡಿದ ಭಾರ ತಿರುಗಲು ತಡ ಮಾಡುತ್ತದೆ, ತಿರುಗತೊಡಗಿದರೆ ನಿಲ್ಲಲೂ ತಡ ಮಾಡುತ್ತದೆ. ಬ್ರೇಕ್ ಒತ್ತಿದ ಮೇಲೂ ಇನ್ನಷ್ಟು ಡಿಗ್ರಿ ಮೇಲೆ ಹೋಗಿಯೇ ನಿಲ್ಲುತ್ತದೆ. ಆ ಹೆಚ್ಚುವರಿ ಡಿಗ್ರಿಗಳಲ್ಲೇ ಗಡಿ ದಾಟಿಹೋಗಬಹುದು. ಮಗುಚಿದರೆ ಕಾಲು ಬಿಡಿಸಿಕೊಳ್ಳಲು ಪಕ್ಕದ ಪೆಟ್ಟಿಗೆಗಳು ಅಡ್ಡ. ಮೇಲೆ ಬೀಳುವುದು ಇನ್ನೂರೈವತ್ತು ಕೆಜಿ.

ದುಬಾರಿ ಬೈಕುಗಳಲ್ಲಿ ಇದಕ್ಕೆ ಎಲೆಕ್ಟ್ರಾನಿಕ್ ಕಾವಲಿದೆ. ಎರಡೂ ಚಕ್ರಗಳ ವೇಗ, ಬೈಕು ಎಷ್ಟು ಓರೆಯಾಗಿದೆ, ಎಷ್ಟು ಬೇಗ ಮೇಲೇಳುತ್ತಿದೆ ಅನ್ನುವುದನ್ನೆಲ್ಲ ಸೆನ್ಸರುಗಳು ಗಮನಿಸುತ್ತಿರುತ್ತವೆ. ಮಿತಿ ಮೀರಿದರೆ ಎಂಜಿನ್ನಿನ ತಾಕತ್ತನ್ನು ಕಂಪ್ಯೂಟರ್ ತಗ್ಗಿಸುತ್ತದೆ. ವೀಲಿಂಗ್ ಮಾಡುವವರು ಮೊದಲು ಮಾಡುವ ಕೆಲಸ ಅದನ್ನು ಆಫ್ ಮಾಡುವುದು! ಲಕ್ಷಗಟ್ಟಲೆ ಕೊಟ್ಟು ಕೊಂಡ ಜೀವರಕ್ಷಕವನ್ನು ಕೈಯಾರೆ ಕಿತ್ತುಹಾಕುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನೆನಪಿಡಬೇಕಾದ ಇನ್ನೊಂದು ವಿಷಯ: ಗಾಳಿಯಲ್ಲಿರುವ ಮುಂದಿನ ಚಕ್ರ ನಿಧಾನವಾಗುತ್ತ ಹೋಗುತ್ತದೆ. ಕೆಲವು ಬೈಕುಗಳಲ್ಲಿ ಇದನ್ನು ಕಂಡು ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಗಲಿಬಿಲಿಗೊಂಡು ಎಚ್ಚರಿಕೆ ದೀಪ ಹಚ್ಚಿಕೊಳ್ಳುತ್ತದೆ. ಆ ದೀಪ ಉರಿಯುತ್ತಿದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ ಅಂತಲೇ ತಿಳಿಯಬೇಕು.

ಇನ್ನು ನಮ್ಮ ರಸ್ತೆ. ಹೆದ್ದಾರಿ 66 ನೋಡಲು ನೇರ, ಅಗಲ, ನುಣುಪು. ಆದರೆ ಕರಾವಳಿಯವರಿಗೆ ಗೊತ್ತಿರುವ ಒಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ: ಮೀನಿನ ಲಾರಿಯಿಂದ ಸೋರುವ ನೀರು. ಐಸು ಕರಗಿದ ಆ ನೀರಿನಲ್ಲಿ ಉಪ್ಪು, ಮೀನಿನ ಜಿಡ್ಡು, ಲೋಳೆ ಎಲ್ಲ ಇರುತ್ತದೆ. ಲಾರಿ ಹೋದ ದಾರಿಯುದ್ದಕ್ಕೂ ಒಂದು ಕಪ್ಪು ಗೆರೆ ಬೀಳುತ್ತದೆ. ಬಿಸಿಲಿಗೆ ನೀರು ಆರಿದರೂ ಜಿಡ್ಡು ಉಳಿಯುತ್ತದೆ. ಲಾರಿ ತಿರುಗುವಲ್ಲಿ, ನಿಂತು ಹೊರಡುವಲ್ಲಿ ಗೆರೆ ಅಗಲವಾಗಿ ಹರಡಿರುತ್ತದೆ. ಎರಡೂ ಚಕ್ರ ನೆಲದ ಮೇಲಿದ್ದಾಗ ಅದರ ಮೇಲೆ ಹಾದರೆ ಬೈಕು ಒಂದು ಸಲ ನಡುಗಿ ಸುಧಾರಿಸಿಕೊಳ್ಳುತ್ತದೆ. ಒಂದೇ ಚಕ್ರದ ಮೇಲಿದ್ದಾಗ ಆ ಚಕ್ರ ಜಾರಿದರೆ ಬೈಕು ಪಕ್ಕಕ್ಕೆ ಕುಸಿಯುತ್ತದೆ. ಆಗ ಹ್ಯಾಂಡಲ್ ತಿರುಗಿಸಿ ಏನೂ ಪ್ರಯೋಜನವಿಲ್ಲ, ಯಾಕೆಂದರೆ ತಿರುಗಿಸಬೇಕಾದ ಚಕ್ರ ಗಾಳಿಯಲ್ಲಿದೆ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸೇತುವೆಗಳ ಮೇಲೆ ಸಮುದ್ರದ ಅಡ್ಡಗಾಳಿ ಬೀಸುತ್ತದೆ. ಮೂತಿ ಎತ್ತಿದ ಬೈಕಿನ ಗಾಜು, ಪೆಟ್ಟಿಗೆಗಳೆಲ್ಲ ಸೇರಿ ಗಾಳಿಗೆ ದೊಡ್ಡ ಹಲಗೆ ಹಿಡಿದಂತಾಗುತ್ತದೆ. ಸೇತುವೆಯ ಕಬ್ಬಿಣದ ಜೋಡಣೆ ಪಟ್ಟಿಗಳು ಮಳೆಯಲ್ಲಿ ಜಾರುತ್ತವೆ. ಇವೆಲ್ಲಕ್ಕಿಂತ ಹೆಚ್ಚಾಗಿ ರಸ್ತೆಯಲ್ಲಿ ಜನ ಇರುತ್ತಾರೆ. ಬುಟ್ಟಿ ಹೊತ್ತು ರಸ್ತೆ ದಾಟುವ ಮೀನುಗಾರ ಹೆಂಗಸರು, ಡಿವೈಡರ್ ಮೇಲಿನ ಹುಲ್ಲಿಗೆ ಬಂದ ದನ, ಬಸ್ಸಿಳಿದ ಶಾಲೆ ಮಕ್ಕಳು. ಗಂಟೆಗೆ 60 ಕಿ.ಮೀ ವೇಗದಲ್ಲಿ ಎರಡು ಸೆಕೆಂಡ್ ಚಕ್ರ ಎತ್ತಿದರೂ ಬೈಕು 33 ಮೀಟರ್ ಸಾಗುತ್ತದೆ. ಅಷ್ಟು ದೂರ ಸವಾರನಿಗೆ ಮುಂದಿನ ರಸ್ತೆ ಸರಿಯಾಗಿ ಕಾಣುವುದಿಲ್ಲ, ಹ್ಯಾಂಡಲ್ ಕೆಲಸ ಮಾಡುವುದಿಲ್ಲ, ಬೈಕಿನ ಮುಖ್ಯ ಬ್ರೇಕಾದ ಮುಂದಿನ ಬ್ರೇಕ್ ಇಲ್ಲ. ರಾತ್ರಿಯಾದರೆ ಹೆಡ್‌ಲೈಟ್ ಆಕಾಶಕ್ಕೆ. ದಾಟುತ್ತಿರುವ ಆ ಹೆಂಗಸಿಗೆ ಈ ಆಟದಲ್ಲಿ ಯಾವ ಪಾಲೂ ಇಲ್ಲ. ಸವಾರ ತನ್ನ ಜೀವವನ್ನು ಪಣಕ್ಕಿಡುತ್ತೇನೆ ಅನ್ನಬಹುದು, ಅವಳದ್ದನ್ನು ಇಡಲು ಅವನು ಯಾರು?

ಸರಿ, ಮಗುಚಲಿಲ್ಲ, ಯಾರೂ ಅಡ್ಡ ಬರಲಿಲ್ಲ, ಚಕ್ರ ಕೆಳಗೆ ಬಂತು. ಆಗಲೂ ಲೆಕ್ಕ ಮುಗಿಯುವುದಿಲ್ಲ. ನಮ್ಮ 325 ಕೆಜಿಯ ಉದಾಹರಣೆಯಲ್ಲಿ 20 ಡಿಗ್ರಿ ಎದ್ದಾಗ ಭಾರದ ನಡುಬಿಂದು 21 ಸೆಂ.ಮೀ ಮೇಲೇರಿರುತ್ತದೆ. ಅಲ್ಲಿಂದ ಎಕ್ಸಿಲೇಟರ್ ಪೂರ್ತಿ ಬಿಟ್ಟರೆ ಮುಂಭಾಗ ಧಡ್ ಅಂತ ಬೀಳುತ್ತದೆ. ಆ ಏಟು, 70 ಕೆಜಿಯ ಅಡಿಕೆ ಮೂಟೆಯನ್ನು ಒಂದು ಮೀಟರ್ ಎತ್ತರದಿಂದ ಎತ್ತಿಹಾಕಿದಷ್ಟು. ಅದನ್ನು ತಿನ್ನುವುದು ಮುಂದಿನ ಚಕ್ರ ಹಿಡಿದಿರುವ ಫೋರ್ಕು, ರಿಮ್ಮು, ಹ್ಯಾಂಡಲ್ ಬುಡದ ಬೇರಿಂಗ್ ಆದ ಕೋನ್ ಸೆಟ್ಟು. ಬೀಳುವಾಗ ಹ್ಯಾಂಡಲ್ ಸ್ವಲ್ಪ ಓರೆಯಾಗಿದ್ದರೂ ಟೈರು ನೆಲ ಮುಟ್ಟಿದ ಕೂಡಲೇ ಹ್ಯಾಂಡಲ್ ಅತ್ತಿಂದಿತ್ತ ಬಡಿದುಕೊಳ್ಳುತ್ತದೆ. ಹೆದರಿ ಮುಂದಿನ ಬ್ರೇಕ್ ಹಿಡಿದರೆ, ಮೊದಲೇ ನಿಧಾನವಾಗಿದ್ದ ಚಕ್ರ ನಿಂತೇ ನೆಲ ಮುಟ್ಟಿ ಜಾರುತ್ತದೆ.

ಹಿಂದಿನ ಟೈರಿನ ಕಡೆಗೂ ನೋಡಿ. ಆರ್ 1250 ಜಿಎಸ್ ಬೈಕಿನ ಹಿಂದಿನ ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ 72 ಅನ್ನುವ ಸಂಖ್ಯೆ ಇರುತ್ತದೆ. ಆ ಟೈರು ಹೊರಬಲ್ಲ ಗರಿಷ್ಠ ಭಾರ 355 ಕೆಜಿ ಅಂತ ಅದರ ಅರ್ಥ. ಇಬ್ಬರು ಮತ್ತು ಟಾಪ್ ಬಾಕ್ಸ್ ಸೇರಿದ ನಮ್ಮ ಬೈಕು 405 ಕೆಜಿ. ಮುಂದಿನ ಚಕ್ರ ಎದ್ದ ಗಳಿಗೆಯಲ್ಲಿ ಅಷ್ಟೂ ಭಾರ ಒಂದೇ ಟೈರಿನ ಮೇಲೆ. ರಸ್ತೆಯ ಒಂದು ಕುಳಿ ಸಿಕ್ಕಿದರೆ ರಿಮ್ ಬಾಗಲು ಇನ್ನೇನು ಬೇಕು? ಚೈನು, ಸ್ಪ್ರಾಕೆಟ್, ಕ್ಲಚ್ ಪ್ಲೇಟುಗಳ ಸವೆತ ಬೇರೆ. ಬಹಳ ಹೊತ್ತು ಮೂತಿ ಎತ್ತಿಕೊಂಡೇ ಓಡಿಸಿದರೆ ಎಂಜಿನ್ ಆಯಿಲ್ ಹಿಂದಕ್ಕೆ ಸರಿದು ಪಂಪಿಗೆ ಆಯಿಲ್ ಬದಲು ಗಾಳಿ ಸಿಗುವ ಅಪಾಯವೂ ಇದೆ.

ಹಿಂದೆ ಕೂತವರ ಬಗ್ಗೆ ಹೇಳಲೇಬೇಕು. ಅವರಿಗೆ ಹಿಡಿಯಲು ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ, ಏನಾಗಲಿದೆ ಅಂತ ಮುಂಚೆ ಗೊತ್ತೂ ಇಲ್ಲ. ಬೈಕು ಎದ್ದರೆ ಮೊದಲು ಜಾರುವವರು ಅವರು. ಬೀಳುವುದು ಬೆನ್ನಡಿಯಾಗಿ, ತಲೆಯ ಹಿಂಭಾಗ ರಸ್ತೆಗೆ. ಗಟ್ಟಿ ಹೆಲ್ಮೆಟ್ ಸವಾರ ಹಾಕಿಕೊಂಡು, ಹಿಂದಿನವರಿಗೆ ತೆಳ್ಳಗಿನ ಟೊಪ್ಪಿಯಂಥದ್ದು ಕೊಡುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ತಲೆಗೆ ಪೆಟ್ಟು ಬಿದ್ದರೆ ಈ ಜಿಲ್ಲೆಯಲ್ಲಿ ಮುಂದೇನು ಅನ್ನುವುದು ನಮಗೆಲ್ಲ ಗೊತ್ತಿರುವ ನೋವು. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇಲ್ಲಿನ ಜನ ವರ್ಷಗಟ್ಟಲೆ ಕೂಗುತ್ತಿದ್ದಾರೆ. ಗಂಭೀರ ಪೆಟ್ಟಾದವರನ್ನು ಕಾರವಾರದಿಂದ ಗೋವಾಕ್ಕೆ, ಭಟ್ಕಳ ಹೊನ್ನಾವರದಿಂದ ಮಣಿಪಾಲ ಮಂಗಳೂರಿಗೆ, ಶಿರಸಿಯಿಂದ ಹುಬ್ಬಳ್ಳಿಗೆ ಸಾಗಿಸುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಮೆದುಳಿನೊಳಗೆ ರಕ್ತ ಸೋರುವಾಗ ನಿಮಿಷಗಳೇ ಬೆಲೆಬಾಳುತ್ತವೆ, ಇಲ್ಲಿ ಗಂಟೆಗಳೇ ಆಂಬುಲೆನ್ಸಿನಲ್ಲಿ ಕಳೆಯುತ್ತವೆ. ಬೆಂಗಳೂರಿನಲ್ಲಿ ಬದುಕಿಸಬಹುದಾದ ಪೆಟ್ಟು ದೇವಿಮನೆ ಘಟ್ಟದ ನಡುವೆ ಬದುಕಿಸಲಾಗದ ಪೆಟ್ಟಾಗಬಹುದು.

ಕಾನೂನಿನ ಮಾತು ಚಿಕ್ಕದು. ಸಾರ್ವಜನಿಕ ರಸ್ತೆಯಲ್ಲಿ ವೀಲಿಂಗ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಅಪಾಯಕಾರಿ ಚಾಲನೆಯ ಪ್ರಕರಣ ಬೀಳುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮೂ ಸೇರಬಹುದು. ಓಡಿಸಿದ್ದು 18 ತುಂಬದ ಹುಡುಗನಾದರೆ 199ಎ ಕಲಮಿನಡಿ ಹೆತ್ತವರಿಗೆ ಅಥವಾ ಬೈಕಿನ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಬೈಕಿನ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ವಿಮೆಯ ವಿಷಯದಲ್ಲೂ ಕಣ್ಣು ತೆರೆದಿರಬೇಕು. ತನ್ನದೇ ಅತಿವೇಗ, ನಿರ್ಲಕ್ಷ್ಯದಿಂದ ಸತ್ತವರ ಮನೆಯವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂಬ ಕರ್ನಾಟಕ ಹೈಕೋರ್ಟ್ ಆದೇಶದಲ್ಲಿ ಮಧ್ಯ ಪ್ರವೇಶಿಸಲು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದು ಕಾರಿನ ಪ್ರಕರಣ, ಆದರೆ ಬೈಕಿಗೆ ನಿಯಮ ಬೇರೆಯಾಗುವುದಿಲ್ಲ.

ಹಾಗಂತ ಮುಂದಿನ ಚಕ್ರವನ್ನು ಹಗುರ ಮಾಡುವ ಕೌಶಲವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಾಡುದಾರಿಯಲ್ಲಿ ಅಡ್ಡಬಿದ್ದ ಮರದ ತುಂಡು, ಮಳೆಗೆ ಕೊರೆದ ಹಳ್ಳ ದಾಟಲು ನಡಿಗೆಯ ವೇಗದಲ್ಲಿ ಚಕ್ರವನ್ನು ಒಂದಿಷ್ಟು ಎತ್ತಬೇಕಾಗುತ್ತದೆ. ಅದನ್ನು ಕಲಿಯಬೇಕಾದದ್ದು ಮುಚ್ಚಿದ ಮೈದಾನದಲ್ಲಿ, ಹಗುರ ಬೈಕಿನಲ್ಲಿ, ಮೈತುಂಬ ರಕ್ಷಾಕವಚ ತೊಟ್ಟು, ಬಲ್ಲವರ ಕೈಕೆಳಗೆ.

ಬೇಡ ಅಂದರೂ ಚಕ್ರ ಏಳುವ ಸಂದರ್ಭಗಳೂ ಇವೆ. ದೇವಿಮನೆಯ ಏರು ತಿರುವಿನಲ್ಲಿ ಇಬ್ಬರು ಕೂತು, ಲಾರಿಯ ಹಿಂದೆ ನಿಂತು, ಮೊದಲ ಗೇರಿನಲ್ಲಿ ಹೊರಡುವಾಗ ಇದು ಆಗುವುದು ಜಾಸ್ತಿ. ಏರಿನಲ್ಲಿ ನಿಂತ ಬೈಕಿನ ಮುಂದಿನ ಚಕ್ರದ ಮೇಲೆ ಭಾರ ಮೊದಲೇ ಕಡಿಮೆ ಇರುತ್ತದೆ. ಅದಕ್ಕೇ ಹೊರಡುವ ಮುನ್ನ ಸಾಮಾನು ಜೋಡಿಸುವಾಗಲೇ ಯೋಚಿಸಿ. ನೀರಿನ ಬಾಟಲಿ, ಹತಾರ, ಚಾರ್ಜರು ಎಲ್ಲ ಟ್ಯಾಂಕ್ ಬ್ಯಾಗಿಗೆ ಅಥವಾ ಪಕ್ಕದ ಪೆಟ್ಟಿಗೆಗಳ ತಳಕ್ಕೆ ಹೋಗಲಿ. ಟಾಪ್ ಬಾಕ್ಸಿಗೆ ಬಟ್ಟೆಯಂಥ ಹಗುರವಾದದ್ದು ಮಾತ್ರ. ಏರಿನಲ್ಲಿ ಹೊರಡುವಾಗ ಹಿಂದಿನವರಿಗೆ ಮುಂದಕ್ಕೆ ಒತ್ತಿ ಕೂರಲು ಹೇಳಿ, ನೀವೂ ಮುಂದೆ ಬಾಗಿ, ಕ್ಲಚ್ ನಿಧಾನ ಬಿಡಿ. ಅಷ್ಟಾದರೂ ಚಕ್ರ ಎದ್ದರೆ ಎಕ್ಸಿಲೇಟರನ್ನು ಮೆಲ್ಲಗೆ ಇಳಿಸಿ, ಒಮ್ಮೆಗೇ ಬಿಡಬೇಡಿ. ಹ್ಯಾಂಡಲ್ ನೆಟ್ಟಗಿರಲಿ, ಮುಂದಿನ ಬ್ರೇಕ್ ಮುಟ್ಟಬೇಡಿ. ಇನ್ನೂ ಮೇಲೆ ಹೋಗುತ್ತಿದ್ದರೆ ಹಿಂದಿನ ಬ್ರೇಕ್.

ಜೋರಾಗಿ ಬಿದ್ದಿದ್ದರೆ ಮುಂದಿನ ಊರಲ್ಲಿ ನಿಲ್ಲಿಸಿ ಎರಡು ಕಡೆ ನೋಡಿ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ, ಒಳಗಿನ ಎಣ್ಣೆ ಸೋರದಂತೆ ತಡೆಯುವ ಸೀಲಿನ ಹತ್ತಿರ ಬೆರಳಾಡಿಸಿ. ಬೆರಳಿಗೆ ಎಣ್ಣೆ ಮೆತ್ತಿದರೆ, ಅದಕ್ಕೆ ಕೆಂಪು ಧೂಳು ಅಂಟಿ ಉಂಗುರದಂತೆ ಕೂತಿದ್ದರೆ ಸೀಲು ಹೋಗಿದೆ. ಆ ಎಣ್ಣೆ ಇಳಿದು ಬ್ರೇಕ್ ಡಿಸ್ಕಿಗೆ ತಾಗಬಾರದು. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರಾದರೂ ಒತ್ತಿ ಹಿಡಿದು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಹ್ಯಾಂಡಲನ್ನು ಒಂದೇ ಬೆರಳಿನಿಂದ ಈ ಕಡೆಯಿಂದ ಆ ಕಡೆಗೆ ನಿಧಾನ ತಿರುಗಿಸಿ. ನೇರ ಬರುವ ಜಾಗದಲ್ಲಿ ಕಟ್ ಅಂತ ಕೂತಂತೆ ಅನ್ನಿಸಿದರೆ ಕೋನ್ ಸೆಟ್ಟಿನಲ್ಲಿ ಗುಳಿ ಬಿದ್ದಿದೆ. ಅದನ್ನು ಬದಲಿಸದೆ ಘಟ್ಟ ಇಳಿಯಬೇಡಿ.